ಹಪ್ಪಳದ ಖಾರವೂ ಎಂಟು ಸೆಕೆಂಡಿನ ನಾನೂ

ನನಗೊಂದು ಕೆಟ್ಟ ಅಭ್ಯಾಸವಿದೆ. ಎಲೆಗೆ ಬಿಸಿ ಸಾರು ಬಿದ್ದ ಕೂಡಲೇ ಅದರ ಮೇಲೆ ಅಂಗೈಯನ್ನು ಬೀಸಣಿಗೆಯ ಹಾಗೆ ಆಡಿಸಿ ಹಬೆಯನ್ನು ಮೂಗಿನ ಕಡೆಗೆ ಎಳೆದುಕೊಳ್ಳುತ್ತೇನೆ. ಮೂಗನ್ನು ಮಾತ್ರ ಬಗ್ಗಿಸುವುದಿಲ್ಲ. ಬಾಟಲಿಯಲ್ಲಿರುವುದನ್ನು ನೇರವಾಗಿ ಮೂಸಬಾರದು, ಕೈಯಿಂದ ಗಾಳಿ ಹಾಕಿಕೊಂಡು ಮೂಸಬೇಕು ಎಂದು ಬಿ.ಎಸ್ಸಿ.ಯ ಮೊದಲ ವರ್ಷ ನಮ್ಮ ಮೇಷ್ಟ್ರು ಹೇಳಿಕೊಟ್ಟದ್ದು ಮೈಗೆ ಹತ್ತಿಬಿಟ್ಟಿದೆ. ಕಳಮಶ್ಶೇರಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳಿಗೆ ಮದುವೆಮನೆ ಯಾವುದು, ಲ್ಯಾಬು ಯಾವುದು ಎಂದು ಕೈಗೆ ಗೊತ್ತಾಗುವುದಿಲ್ಲ. ಬಡಿಸುವವರು ಮುಖ ಕೆಂಪಗೆ ಮಾಡಿಕೊಂಡು "ಯಾಕಮ್ಮಾ, ಹಳಸಿದೆಯಾ?" ಎಂದು ಕೇಳುತ್ತಾರೆ. ನನ್ನ ಗಂಡ ಪಕ್ಕದ ಎಲೆಯಿಂದ ಮೊಣಕೈಯಲ್ಲಿ ತಿವಿಯುತ್ತಾರೆ.

ಈ ಅಭ್ಯಾಸದಿಂದಾಗಿ ಕೊಚ್ಚಿಯ ಕನ್ನಡ ಸಂಘದಲ್ಲಿ ನನಗೆ 'ಕೆಮಿಸ್ಟ್ರಿ ಶಾಂತಲಾ' ಎಂಬ ಹೆಸರು ಬಂತು. ಹೆಸರಿನ ಜೊತೆಗೆ ಒಂದು ಖಾತೆಯೂ ಬಂತು: ವಿಷದ ಖಾತೆ. ಯಾರಿಗೆ ಏನು ಗಾಬರಿಯಾದರೂ ನನ್ನ ಫೋನಿಗೇ. ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆಯಂತೆ, ಹೌದಾ? ಕಲ್ಲಂಗಡಿಗೆ ಸೂಜಿ ಚುಚ್ಚುತ್ತಾರಂತೆ, ಹೌದಾ? ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಮಾಡಿದರೆ ಮರೆವು ಬರುತ್ತದಂತೆ, ಹೌದಾ? ನನಗಂತೂ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟೂ ಕೊಟ್ಟೂ ಮರೆವು ಬಂದಿದೆ. ಒಬ್ಬ ತಾಯಿ ಮಗುವಿಗೆ ಸೋಪು ಹುಡುಕುತ್ತಾ, "ಮೇಡಂ, ಕೆಮಿಕಲ್ಲೇ ಇಲ್ಲದ್ದು ಯಾವುದಾದರೂ ಹೇಳಿ" ಎಂದರು. "ಖಾಲಿ ಡಬ್ಬಿ ತಗೊಳ್ಳಿ" ಎಂದೆ. "ಅದರಲ್ಲೂ ಗಾಳಿ ಇರುತ್ತೆ, ಅದೂ ಕೆಮಿಕಲ್ಲೇ." ಅವರು ಆಮೇಲೆ ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಸಿಟ್ಟು ನನಗೆ ಬೇಗ ಬರುತ್ತದೆ, ನಿಜ. ಆದರೆ ನೀವೇ ಹೇಳಿ, ಬರದೆ ಇರುತ್ತದೆಯೇ? ಎಡಪ್ಪಳ್ಳಿಯ ನಮ್ಮ ಫ್ಲಾಟಿಗೆ ಒಮ್ಮೆ ನೀರು ಶುದ್ಧ ಮಾಡುವ ಯಂತ್ರ ಮಾರುವವನು ಬಂದ. ಒಂದು ಗ್ಲಾಸಿನಲ್ಲಿ ನಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ಅವನ ಯಂತ್ರದ ನೀರು. ಎರಡಕ್ಕೂ ಎರಡೆರಡು ಲೋಹದ ಕಡ್ಡಿ ಇಳಿಬಿಟ್ಟು ಕರೆಂಟು ಕೊಟ್ಟ. ನಮ್ಮ ನೀರು ನೋಡನೋಡುತ್ತ ಕೊಳೆತ ಚಹಾದ ಬಣ್ಣಕ್ಕೆ ತಿರುಗಿತು, ಅವನದು ಹಾಗೇ ಇತ್ತು. "ಚೇಚೀ, ಇದಾಣ್ ನಿಂಙಳ್ ಕುಡಿಕ್ಕುನ್ನದ್" ಎಂದ, ಇದನ್ನೇ ನೀವು ಕುಡಿಯುತ್ತಿರುವುದು ಎಂದು, ಮುಖದಲ್ಲಿ ಎಲ್ಲಿಲ್ಲದ ದುಃಖ ತಂದುಕೊಂಡು. ನಾನು ಒಳಗೆ ಹೋಗಿ ಒಂದು ಚಿಟಿಕೆ ಉಪ್ಪು ತಂದು ಅವನ ಶುದ್ಧ ನೀರಿಗೆ ಹಾಕಿ "ಈಗ ಕರೆಂಟು ಕೊಡು" ಎಂದೆ. ಅವನ ನೀರೂ ಅದೇ ಬಣ್ಣಕ್ಕೆ ತಿರುಗಿತು. ಕೊಳೆ ನೀರಿನದ್ದಲ್ಲ, ಕಡ್ಡಿಯ ಕಬ್ಬಿಣದ್ದು. ಉಪ್ಪಿನ ಅಂಶವಿರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಕಡ್ಡಿ ಕರಗುತ್ತದೆ, ಅಷ್ಟೇ. ಅವನು ಕಡ್ಡಿ ಒರೆಸಿಕೊಂಡು ಎದುರು ಮನೆಯ ಬೆಲ್ ಒತ್ತಿದ. ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ನನ್ನ ಉಪ್ಪಿನ ಪ್ರಯೋಗವನ್ನು ಮೊದಲಿಂದ ಕೊನೆಯವರೆಗೆ ನೋಡಿದ್ದರು. ಯಂತ್ರ ಕೊಂಡರು. "ಎನ್ನಾಲುಂ ಎಂದಿನಾ ಚೇಚೀ ರಿಸ್ಕ್?" ಎಂದರು. ಏನೇ ಆದರೂ ಯಾಕೆ ರಿಸ್ಕ್!

ಈ 'ಯಾಕೆ ರಿಸ್ಕ್' ಎಂಬ ಮಾತು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತದೆ. ಅದರ ಮುಂದೆ ಯಾವ ಪ್ರಯೋಗವೂ ನಿಲ್ಲುವುದಿಲ್ಲ, ಯಾವ ಪುರಾವೆಯೂ ನಿಲ್ಲುವುದಿಲ್ಲ. ಆಡುವವರಿಗೆ ತಾವು ಭಾರೀ ಜಾಗ್ರತೆಯವರು ಎನ್ನುವ ಸುಖ ಬೇರೆ. ಹೆಲ್ಮೆಟ್ಟಿಲ್ಲದೆ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ವೈಟ್ಟಿಲ ಜಂಕ್ಷನ್ ದಾಟುವವರೇ ಸೇಬಿನ ಮೇಣಕ್ಕೆ ಹೆದರುವುದು.

ಆದರೆ ಈ ಲೋಕದ ಮೊದಲ ಗಾಬರಿಗಳಲ್ಲಿ ಒಂದನ್ನು ಹುಟ್ಟುಹಾಕಿದವಳು ನಾನೇ ಎಂದು ಒಪ್ಪಿಕೊಳ್ಳಬೇಕು. ಆಗ ನನಗೆ ಏಳು ವರ್ಷ. ತಿಪಟೂರಿನ ನಮ್ಮ ಮನೆಯಲ್ಲಿ ಅಜ್ಜಿ ಆರತಿಗೆ ನೀರು ಮಾಡುತ್ತಿದ್ದರು. ತಟ್ಟೆಯ ನೀರಿಗೆ ಅರಿಸಿನ ಕದಡಿ, ಎಲೆಅಡಿಕೆಯ ಡಬ್ಬಿಯಿಂದ ಕಡಲೆಕಾಳಿನಷ್ಟು ಸುಣ್ಣ ತೆಗೆದು ಬೆರಳಲ್ಲಿ ಕಲೆಸುತ್ತಿದ್ದ ಹಾಗೇ ಹಳದಿ ಹೋಗಿ ಕೆಂಪು ಬರುತ್ತಿತ್ತು. ಅಜ್ಜಿಗೆ ಮಾಟ ಬರುತ್ತದೆ ಎಂದುಕೊಂಡಿದ್ದೆ. ನನಗೂ ಬರುತ್ತದೆಯೇ ನೋಡಲು ಡಬ್ಬಿಯಿಂದ ಸುಣ್ಣ ಕದ್ದು, ಒದ್ದೆ ಮಾಡಿ, ಹಗ್ಗದ ಮೇಲೆ ನೇತುಹಾಕಿದ್ದ ಚಿಕ್ಕಪ್ಪನ ಬಿಳಿ ಪಂಚೆಯ ಮೇಲಿದ್ದ, ಅರಿಸಿನ ಬೆರೆತ ಹುಳಿಯ ಕಲೆಗಳಿಗೆಲ್ಲ ಸವರಿದೆ. ಚಿಕ್ಕಮ್ಮ ಬಂದು ನೋಡಿದರು. ಪಂಚೆಯ ತುಂಬ ರಕ್ತ! ಅವರು ಕಿರುಚಿದ್ದಕ್ಕೆ ಬೀದಿಯೇ ಸೇರಿತು. ಚಿಕ್ಕಪ್ಪ ಅಂಗಡಿಯಿಂದ ಓಡಿಬಂದು, ತಾನು ಬದುಕಿದ್ದೇನೆ ಎಂದು ಎಲ್ಲರಿಗೂ ಹೇಳಬೇಕಾಯಿತು. ನನ್ನ ಬೆನ್ನಿಗೆ ನಾಲ್ಕು ಬಿದ್ದವು. ಆಮೇಲೆ ಅಜ್ಜಿ ನನ್ನನ್ನು ಕೂರಿಸಿಕೊಂಡು, ಅದೇ ಕಲೆಗೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಯಾಗುವುದನ್ನು ತೋರಿಸಿದರು. ನಾನು ಕೆಮಿಸ್ಟ್ರಿ ಓದಿದ್ದು ಆ ಮಧ್ಯಾಹ್ನದಿಂದ.

ಅದನ್ನೇ ಸಂಘದ ಮಕ್ಕಳಿಗೂ ತೋರಿಸೋಣ ಎಂದು ಹೋದ ವರ್ಷ ಹೊರಟೆ ನೋಡಿ, ಅಲ್ಲಿಂದ ಶುರುವಾಯಿತು.

ವರ್ಷಕ್ಕೊಮ್ಮೆ ಶಾಲೆಯೊಂದರ ಹಾಲ್ ತೆಗೆದುಕೊಂಡು ಸಂಘದವರು ಮಕ್ಕಳ ಮೇಳ ಮಾಡುತ್ತಾರೆ. ಕೊಚ್ಚಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ. ಅವರಿಗೆ ಕನ್ನಡದಲ್ಲಿ ಇಪ್ಪತ್ತು ನಿಮಿಷ ವಿಜ್ಞಾನ ಹೇಳಬೇಕು ಎಂದು ನನಗೆ ಒಪ್ಪಿಸಿದ್ದರು. ಅರಿಸಿನ ಹಚ್ಚಿ ಒಣಗಿಸಿದ ಕಾಗದದ ಪಟ್ಟಿಗಳನ್ನು ಮಾಡಿಕೊಂಡು ಹೋದೆ. ನಿಂಬೆರಸಕ್ಕೆ ಅದ್ದಿದರೆ ಹಳದಿ ಹಳದಿಯೇ. ಸೋಪಿನ ನೀರಿಗೆ ಅದ್ದಿದರೆ ಕೆಂಪು, ಸುಣ್ಣಕ್ಕೆ ಇನ್ನೂ ಕೆಂಪು. ಮಕ್ಕಳು ಕುಣಿದಾಡಿದರು. ಹಿತ್ತಲಲ್ಲಿ ನೀಲಮ್ಮ ಹಪ್ಪಳ ಕರಿಯುತ್ತಿದ್ದರು. ಒತ್ತುವುದನ್ನು ಮಕ್ಕಳಿಗೆ ತೋರಿಸಲೆಂದು ಅವರು ತಂದಿದ್ದ ಹಸಿ ಹಪ್ಪಳದ ಹಿಟ್ಟಿನಲ್ಲಿ ಒಂದು ಉಂಡೆ ಕೇಳಿದೆ. "ತಗೋರಿ ಅಕ್ಕಾರ, ಹುಡುಗೋರಿಗೆ ತೋರಸ್ರಿ" ಎಂದು ಖುಷಿಯಿಂದಲೇ ಕೊಟ್ಟರು.

ನೀಲಮ್ಮ ಗದಗದ ಕಡೆ ರೋಣದವರು. ಗಂಡ ಕಳಮಶ್ಶೇರಿಯ ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರ ನಡೆಸುತ್ತಾರೆ, ಮಗಳು ಪಾಲಿಟೆಕ್ನಿಕ್‌ನಲ್ಲಿ ಓದುತ್ತಾಳೆ. ಬಾಡಿಗೆ ಮನೆಗೆ ತಾರಸಿ ಇದೆ ಎಂಬ ಒಂದೇ ಕಾರಣಕ್ಕೆ ಆ ಮನೆ ಹಿಡಿದವರು ನೀಲಮ್ಮ. ಆ ತಾರಸಿಯ ಮೇಲೆ ಉದ್ದಿನ ಹಪ್ಪಳ ಒಣಗಿಸಿ, ಕೊಚ್ಚಿಯ ಕನ್ನಡದವರಿಗೆಲ್ಲ ಕೊಡುತ್ತಿದ್ದರು. ವೈಟ್ಟಿಲದ ಬಸ್ ನಿಲ್ದಾಣದಿಂದ ತಿರುವನಂತಪುರದ ಕನ್ನಡದವರಿಗೂ ಕಟ್ಟು ಕಟ್ಟಿ ಕಳಿಸುತ್ತಿದ್ದರು. ಇಲ್ಲಿಗೆ ಬಂದ ಹೊಸದರಲ್ಲಿ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ, 'ಲೇತಿನವರ ಹೆಂಡತಿ' ಎನ್ನುತ್ತಿದ್ದರು. ಈಗ ಗಂಡನನ್ನೇ ಜನ 'ನೀಲಮ್ಮನ ಯಜಮಾನರು' ಎನ್ನುತ್ತಾರೆ. ಆ ಹೆಸರು ಹಪ್ಪಳದಿಂದ ಬಂದದ್ದು.

ಉದ್ದಿನ ಹಪ್ಪಳಕ್ಕೆ ಹಪ್ಪಳಖಾರ ಎಂಬುದೊಂದನ್ನು ಹಾಕುತ್ತಾರೆ. ಮೆಣಸಿನ ಖಾರವಲ್ಲ, ಕ್ಷಾರದ ಬಿಳಿ ಪುಡಿ. ಮಲಯಾಳದಲ್ಲಿ ಪಪ್ಪಡಕ್ಕಾರಂ. ಹಪ್ಪಳ ಎಣ್ಣೆಯಲ್ಲಿ ಅರಳುವುದು ಅದರಿಂದ. ನಾನು ಕಾಗದದ ಪಟ್ಟಿಯನ್ನು ಹಿಟ್ಟಿಗೆ ಒತ್ತಿದೆ. ಕೆಂಪಾಯಿತು. ಮಕ್ಕಳು ಹೋ ಎಂದರು. "ನೋಡಿ ಮಕ್ಕಳೇ, ಹಪ್ಪಳಕ್ಕೆ ಹಾಕುವ ಖಾರ, ಬಟ್ಟೆ ಒಗೆಯುವ ಸೋಡಾ, ಎರಡೂ ಒಂದೇ!" ಎಂದೆ. ಎಂದು ನಿಲ್ಲಿಸಿದೆ. ವೇದಿಕೆ ಹತ್ತಿದರೆ ನನಗೆ ಹೀಗೆ ತಡೆದು ಪರಿಣಾಮ ನೋಡುವ ಚಟ. ಮೂರನೇ ಸಾಲಿನಲ್ಲಿ ಯಾರೋ ಫೋನ್ ಎತ್ತಿ ಹಿಡಿದಿದ್ದರು. ಅದನ್ನು ಕಂಡು ಸೆರಗು ಸರಿಮಾಡಿಕೊಂಡೆ. ಆಮೇಲೆ ಉಳಿದದ್ದನ್ನು ಹೇಳಿದೆ: ವಸ್ತು ಒಂದೇ ಆದರೂ ತಿನ್ನುವುದಕ್ಕೆ ಶುದ್ಧ ಮಾಡಿದ್ದನ್ನೇ ಹಾಕುತ್ತಾರೆ, ಚಮಚದ ಲೆಕ್ಕದಲ್ಲಿ ಹಾಕುತ್ತಾರೆ, ಬನ್ನಿಗೆ ಹಾಕುವ ಅಡುಗೆ ಸೋಡಾ ಕೂಡ ಬಿಸಿಗೆ ಇದೇ ಆಗುತ್ತದೆ, ನಮ್ಮ ಹೊಟ್ಟೆಯ ಆಮ್ಲ ಇದನ್ನು ಚಿಟಿಕೆ ಹೊಡೆಯುವುದರೊಳಗೆ ಮುಗಿಸುತ್ತದೆ, ಹೆದರುವುದಕ್ಕೆ ಏನೂ ಇಲ್ಲ. ಇಷ್ಟೂ ಹೇಳಿದೆ. ದೇವರಾಣೆ ಹೇಳಿದೆ.

ಹತ್ತು ದಿನ ಕಳೆದ ಮೇಲೆ ತಿಪಟೂರಿನ ಚಿಕ್ಕಮ್ಮ, ಅದೇ ಪಂಚೆಯ ಚಿಕ್ಕಮ್ಮ, ಒಂದು ವಿಡಿಯೊ ಕಳಿಸಿದರು. ಎಂಟು ಸೆಕೆಂಡು. ಹಿಟ್ಟು, ಪಟ್ಟಿ, ಕೆಂಪು, "ಎರಡೂ ಒಂದೇ!" ಮತ್ತು ಸೆರಗು ಸರಿಮಾಡಿಕೊಳ್ಳುವ ನಾನು. ಅಲ್ಲಿಗೆ ಕತ್ತರಿ. ಕೆಳಗೆ ದಪ್ಪಕ್ಷರದಲ್ಲಿ, "ಕೇರಳದ ಹಿರಿಯ ಮಹಿಳಾ ವಿಜ್ಞಾನಿಯ ಎಚ್ಚರಿಕೆ! ಹಪ್ಪಳದಲ್ಲಿ ಬಟ್ಟೆ ಸೋಡಾ! ಕರುಳು ಕರಗುತ್ತದೆ! ಹತ್ತು ಜನಕ್ಕೆ ಕಳಿಸಿ!" ಅದರ ಕೆಳಗೆ ಚಿಕ್ಕಮ್ಮನ ಸ್ವಂತ ಮಾತು: "ಈ ವಿಜ್ಞಾನಿ ನೋಡೇ, ನಿನ್ನ ಥರಾನೇ ಇದ್ದಾಳೆ."

ಕಾರ್ಖಾನೆಯ ಕ್ಯಾಂಟೀನಿಗೆ ಮಲಯಾಳದ ಅಕ್ಷರ ಅಂಟಿಸಿಕೊಂಡು ಅದು ನನಗಿಂತ ಮೊದಲೇ ಬಂದಿತ್ತು. ಮನೆಗೆ ಬಂದರೆ ಮಗಳು "ಅಮ್ಮ ವೈರಲ್ ಆಯಿ!" ಎಂದು ಚಪ್ಪಾಳೆ ತಟ್ಟಿದಳು. ನಾನು ತಲೆ ಚಚ್ಚಿಕೊಂಡೆ. ಸಂಘದ ವಾಟ್ಸಾಪ್ ಗುಂಪಿಗೆ ಮೂರು ಪರದೆ ತುಂಬುವಷ್ಟು ವಿವರಣೆ ಬರೆದೆ, ಕ್ಷಾರ ಎಂದರೇನು ಎಂಬಲ್ಲಿಂದ ಶುರುಮಾಡಿ. ಉತ್ತರವಾಗಿ ಹನ್ನೊಂದು ಕೈಮುಗಿದ ಚಿತ್ರಗಳು ಬಂದವು. ಒಬ್ಬರು "ಮಾಹಿತಿಗೆ ಧನ್ಯವಾದ ಮೇಡಂ" ಎಂದು ಬರೆದು, ಅದರ ಕೆಳಗೇ ಅದೇ ಎಂಟು ಸೆಕೆಂಡಿನ ವಿಡಿಯೊವನ್ನು ಮತ್ತೊಮ್ಮೆ ಹಾಕಿದರು. ಕತ್ತರಿಸಿದವರು ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೆ ಕೇಳಬೇಕೆಂದಿದ್ದೇನೆ, ಇನ್ನೊಂದು ಹತ್ತು ಸೆಕೆಂಡು ಬಿಟ್ಟಿದ್ದರೆ ನಿಮ್ಮ ಗಂಟು ಹೋಗುತ್ತಿತ್ತಾ ಎಂದು.

ಅಷ್ಟರಲ್ಲಿ ತಿರುವನಂತಪುರದಿಂದ ಅಕ್ಕನ ಫೋನು. ಅವಳ ಮಗಳ ಮದುವೆಗೆ ಇನ್ನು ಐದು ವಾರವಿತ್ತು. ಹಪ್ಪಳ ನೀಲಮ್ಮನದೇ ಎಂದು ಎರಡು ತಿಂಗಳ ಹಿಂದೆಯೇ ಹೇಳಿದ್ದಳು, ನೀಲಮ್ಮ ಅಷ್ಟೂ ಒತ್ತಿ ಒಣಗಿಸಿ ಇಟ್ಟಿದ್ದರು.

"ಬೇಡ ಅಂತ ನೀಲಮ್ಮನಿಗೆ ಹೇಳಿಬಿಟ್ಟೆ ಕಣೆ" ಎಂದಳು ಅಕ್ಕ. "ನಿಮ್ಮ ಭಾವ ಒಪ್ತಾ ಇಲ್ಲ. ಬೀಗರ ಕಡೆಯವರೂ ಆ ವಿಡಿಯೊ ನೋಡಿದಾರಂತೆ."

"ಆ ವಿಡಿಯೊದಲ್ಲಿರೋದು ನಾನು ಕಣೇ!"

"ಅದಕ್ಕೇ ಮತ್ತೆ. ನಮ್ಮ ಮನೆಯವಳೇ ಹೇಳಿ, ನಾವೇ ಕೇಳದಿದ್ದರೆ ಹೇಗೆ?"

ನೀಲಮ್ಮನಿಗೆ ಫೋನ್ ಮಾಡಿದೆ. "ಇರ್ಲಿ ಬಿಡ್ರಿ ಅಕ್ಕಾರ" ಎಂದು ಮೆತ್ತಗೆ ಹೇಳಿ ಇಟ್ಟುಬಿಟ್ಟರು. ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದುಕೊಂಡೆ. ಮುಖ ತೋರಿಸುವ ಧೈರ್ಯ ಬರಲಿಲ್ಲ. ಹತ್ತು ನಿಮಿಷದ ದಾರಿಯ ಅವರ ಮನೆಗೆ ಹೋಗದೆ, ಶನಿವಾರ ಬೆಳಗಿನ ರೈಲು ಹತ್ತಿ ನಾಲ್ಕು ಗಂಟೆ ದೂರದ ಭಾವನ ಮೇಲೆ ಜಗಳಕ್ಕೆ ಹೋದೆ. ಹೇಡಿಗಳು ಹೀಗೇ ಮಾಡುವುದು.

ನಮ್ಮ ಭಾವ ಯಾರು ಎಂದು ಹೇಳಿದರೆ ನಿಮಗೂ ಸಿಟ್ಟು ಬರುತ್ತದೆ. ಅವರು ರಾಕೆಟ್ಟಿನ ಇಂಧನದ ಇಂಜಿನಿಯರು. ಮೂವತ್ತು ವರ್ಷದಿಂದ, ಒಂದು ಹನಿ ಕೈಮೇಲೆ ಬಿದ್ದರೆ ಚರ್ಮ ಸುಡುವ, ಉಸಿರಿಗೆ ಹೋದರೆ ಆಸ್ಪತ್ರೆ ಸೇರಿಸುವ ದ್ರವಗಳ ನಡುವೆ ಕೆಲಸ. ಗಾಳಿಯಲ್ಲಿ ಇಂತಿಷ್ಟರವರೆಗೆ ಇದ್ದರೆ ಪರವಾಗಿಲ್ಲ, ದಾಟಿದರೆ ಸೈರನ್ ಎಂದು ಗೋಡೆಯ ಮೇಲೆ ಬರೆದ ಕೋಣೆಯಲ್ಲಿ ದಿನವೂ ನಿಶ್ಚಿಂತೆಯಿಂದ ಓಡಾಡಿ ಬರುವ ಮನುಷ್ಯ. ಅವರು ಹಪ್ಪಳಕ್ಕೆ ಹೆದರಿದ್ದರು.

"ಭಾವ, ನಿಮ್ಮ ಕೋಣೆಯಲ್ಲಿ 'ಎಷ್ಟು' ಅಂತ ಕೇಳ್ತೀರಲ್ಲ, ಊಟದ ಮೇಜಿನ ಮೇಲೆ ಯಾಕೆ ಕೇಳೋದಿಲ್ಲ? ಗೇಟಿನಲ್ಲಿ ಐಡಿ ಕಾರ್ಡ್ ಜೊತೆ ಬುದ್ಧೀನೂ ಕೊಟ್ಟು ಬರ್ತೀರಾ?"

"ಅದು ಸಿಸ್ಟಮ್ಮು ಶಾಂತಾ. ಅಲ್ಲಿ ಅಳತೆ ಇದೆ. ಇದನ್ನ ಯಾರೋ ಮನೇಲಿ ಮಾಡ್ತಾರೆ, ಏನು ಹಾಕ್ತಾರೋ."

"ಹಾಗಾದರೆ ಯಾವ ಪೊಟ್ಟಣದ್ದು ಹಾಕ್ತೀರಿ, ಎಷ್ಟು ಹಾಕ್ತೀರಿ ಅಂತ ಕೇಳಿ. ಬಟ್ಟೆಗೆ ಮಾರೋ ಅಗ್ಗದ ಪುಡಿ ಹಾಕಿದ್ದರೆ ನಾನೂ ಬೇಡ ಅಂತೀನಿ, ಅದರಲ್ಲಿ ಬೇರೆ ಕೊಳೆ ಇರುತ್ತೆ. ಅದು ಕೇಳಬೇಕಾದ ಪ್ರಶ್ನೆ. ಯಾರಾದರೂ ಕೇಳಿದ್ರಾ ಆಕೇನ?"

ಭಾವ ಪೇಪರು ಮಡಿಸಿದರು. "ನೋಡಮ್ಮ, ನೀನು ಹೇಳೋದೆಲ್ಲ ಸರಿ ಇರಬಹುದು. ಆದ್ರೂ ಮದುವೆ ಮನೆ. ಯಾಕೆ ರಿಸ್ಕ್?"

ಊಟಕ್ಕೂ ನಿಲ್ಲದೆ ವಾಪಸು ಬಂದೆ.

ಮದುವೆಗೆ ಹೋಗದೆ ಇರಲಾಗುತ್ತದೆಯೇ, ಹೋದೆ. ಅಡುಗೆ ತಿರುವನಂತಪುರದವರದೇ. ಒಂದು ಕಡೆ ನಮ್ಮ ಒಬ್ಬಟ್ಟು, ಇನ್ನೊಂದು ಕಡೆ ಅವರ ಪಾಯಸ. ಎಲೆಯ ಎಡತುದಿಗೆ ಕೇರಳದ ಪಪ್ಪಡ ಬಂದು ಕೂತಿತು, ಬಲೂನಿನ ಹಾಗೆ ಉಬ್ಬಿ. ಅದು ಹಾಗೆ ಉಬ್ಬುವುದು ಯಾವುದರಿಂದ? ಪಪ್ಪಡಕ್ಕಾರದಿಂದ. ಅದೇ ಬಿಳಿ ಪುಡಿ, ನೀಲಮ್ಮ ಹಾಕುವುದೇ. ಯಾವ ಪೊಟ್ಟಣದ್ದು, ಎಷ್ಟು ಚಮಚ, ಮದುವೆಮನೆಯಲ್ಲಿ ಒಬ್ಬನೇ ಒಬ್ಬನಿಗೂ ಗೊತ್ತಿಲ್ಲ. ಭಾವ ಎಲೆಯ ಮುಂದೆ ಕೂತು, ಮೂವತ್ತು ವರ್ಷ ಇಲ್ಲಿದ್ದು ಕಲಿತ ಹಾಗೆ, ಪಾಯಸಕ್ಕೆ ಬಾಳೆಹಣ್ಣು ಕಿವುಚಿ ಪಪ್ಪಡ ಪುಡಿಮಾಡಿ ಹಾಕಿ ಕಲೆಸಿ ತಿಂದರು. ಮೂರು ಪಪ್ಪಡ! ನಾನು ಎದುರು ಸಾಲಿನಿಂದ ಕಣ್ಣಾರೆ ನೋಡಿದೆ. ಬೀಗರೂ ತಿಂದರು, ಬೀಗರ ಕಡೆಯ ಡಾಕ್ಟರೂ ತಿಂದರು. ನನಗೆ ಎದ್ದು ನಿಂತು ಕೂಗಬೇಕು ಎನಿಸಿತು. ಆದರೆ ಏನೆಂದು ಕೂಗಲಿ? ಪಪ್ಪಡವೂ ವಿಷವಲ್ಲ, ಹಪ್ಪಳವೂ ವಿಷವಲ್ಲ. ಸುಳ್ಳು ಎಂಟು ಸೆಕೆಂಡಿನಲ್ಲಿ ಮುಗಿಯುತ್ತದೆ, ನಿಜ ಹೇಳುವಷ್ಟರಲ್ಲಿ ಅಡುಗೆಯವನು ಎಲೆ ಎತ್ತಿಬಿಡುತ್ತಾನೆ. ಕೈತೊಳೆಯುವ ಜಾಗದಲ್ಲಿ ಭಾವನಿಗೆ ಮೆಲ್ಲಗೆ ಹೇಳಿದೆ, ಈಗ ತಿಂದಿರಲ್ಲ, ಅದರಲ್ಲೂ ಅದೇ ಇತ್ತು ಎಂದು. ಅವರ ಮುಖ ಸ್ವಲ್ಪ ಹೊತ್ತು ಇಂಗು ತಿಂದ ಮಂಗನ ಹಾಗಾಯಿತು.

ಒಳ್ಳೆಯವರೇ ಅವರು, ಇಲ್ಲವೆನ್ನುವುದಿಲ್ಲ. ಮರುದಿನ ತಾವೇ ಫೋನ್ ಮಾಡಿದರು. "ಪಾಪ, ಆ ಹೆಣ್ಣುಮಗಳಿಗೆ ನಮ್ಮಿಂದ ತೊಂದರೆಯಾಯ್ತು. ಒಂದು ಕೆಲಸ ಮಾಡು. ನೀನು ನಿನ್ನ ಹೆಸರು ಹಾಕಿ ಒಂದೇ ಸಾಲು ಬರಿ, ನೀಲಮ್ಮನ ಹಪ್ಪಳ ಪರೀಕ್ಷೆ ಮಾಡಿದೀನಿ, ಯಾವ ಕೆಮಿಕಲ್ಲೂ ಇಲ್ಲ ಅಂತ. ನಾನೇ ಎಲ್ಲ ಗುಂಪಿಗೂ ಹಾಕ್ತೀನಿ. ನಾಳೆಯಿಂದಲೇ ಎಲ್ಲರೂ ತಗೋತಾರೆ."

ನಾನು ಏನು ಮಾಡಬೇಕಿತ್ತು ಎಂದು ನಿಮಗೆ ಗೊತ್ತು. ನಾನು ಏನು ಮಾಡಿದೆ ಎಂದೂ ಹೇಳುತ್ತೇನೆ. ಬರೆದೆ. 'ಯಾವುದೇ ರಾಸಾಯನಿಕವಿಲ್ಲ' ಎಂದು, ಖಾಲಿ ಡಬ್ಬಿಯಲ್ಲೂ ಗಾಳಿ ಇದೆ ಎಂದು ಕುಚೋದ್ಯ ಮಾಡುವ ನಾನು, ನನ್ನ ಹೆಸರು, ಡಿಗ್ರಿ, ಇಪ್ಪತ್ತಾರು ವರ್ಷದ ಅನುಭವ ಎಲ್ಲ ಸೇರಿಸಿ ಬರೆದೆ. ಸುಳ್ಳಿನಿಂದ ಹೋದದ್ದು ಸುಳ್ಳಿನಿಂದಲೇ ಬರಲಿ ಎನ್ನುವಷ್ಟು ಸಿಟ್ಟು ಬಂದಿತ್ತು. ಕಳಿಸುವ ಮೊದಲು ನೀಲಮ್ಮನಿಗೆ ಓದಿ ಹೇಳಿ ಖುಷಿಪಡಿಸೋಣ ಎಂದು, ಐದು ವಾರದ ಮೇಲೆ ಮೊದಲ ಸಲ ಅವರ ಮನೆಗೆ ಹೋದೆ.

ತಾರಸಿ ಖಾಲಿಯಾಗಿತ್ತು. ಹಪ್ಪಳ ಒಣಗಿಸುವ ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿಟ್ಟಿದ್ದರು. ನೀಲಮ್ಮ ಕುರ್ಚಿ ಹಾಕಿದರು, ಚಹಾ ತಂದರು, ತಾವು ನೆಲದ ಮೇಲೆ ಕೂತರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವುದರೊಳಗೆ ಅವರೇ ಕೇಳಿದರು.

"ಅಕ್ಕಾರ, ಖರೇ ಹೇಳ್ರಿ. ಇಷ್ಟ ವರ್ಷ ನಾನು ಮಂದೀಗೆ ವಿಷ ತಿನ್ನಿಸೀನೇನ್ರಿ?"

ನಾನು ಚಹಾದ ಲೋಟ ಕೆಳಗಿಟ್ಟೆ.

"ನೀವು ಓದಿದಾಕಿ ಹೇಳೀರಿ ಅಂದ್ರ ಸುಳ್ಳ ಇರಾಂಗಿಲ್ಲ. ನಾನು ಮತ್ತ ಒತ್ತೇ ಇಲ್ರಿ. ಮದಿವೀ ಹಪ್ಪಳ ಅಷ್ಟೂ ಡಬ್ಬ್ಯಾಗ ಅದಾವ. ಯಾರಿಗೂ ಕೊಟ್ಟಿಲ್ಲ, ನನ್ನ ಮಗಳಿಗೂ ಹಾಕಿಲ್ಲ. ಹ್ವಾದ ವರ್ಷ ಅಕೀಗೆ ಹೊಟ್ಟಿನೋವು ಬಂದಿತ್ತು. ಅದು ನನ್ನ ಕೈಯಿಂದನ ಬಂತೇನು ಅಂತ..."

ಅವರು ನನ್ನ ಮೇಲೆ ಸಿಟ್ಟಾಗಿರಲೇ ಇಲ್ಲ. ನನ್ನನ್ನು ನಂಬಿದ್ದರು. ಐದು ವಾರ, ತನ್ನ ಕೈಯಡುಗೆಯೇ ವಿಷ ಎಂದು ನಂಬಿಕೊಂಡು ಒಬ್ಬ ಹೆಂಗಸು ಈ ಮನೆಯಲ್ಲಿ ಕೂತಿದ್ದರು, ಮತ್ತು ನಾನು ಹತ್ತು ನಿಮಿಷ ನಡೆದು ಬಂದಿರಲಿಲ್ಲ. ಇಷ್ಟು ದಿನ ಊರ ಮೇಲೆಲ್ಲ ಕಾರಿದ ಸಿಟ್ಟು ನನಗೇ ತಿರುಗಿ ಬಂತು. ನಾಚಿಕೆಯಿಂದ ಸಾಯುವಂತಾಯಿತು.

"ಇಲ್ಲ ನೀಲಮ್ಮ, ಇಲ್ಲ. ವಿಷ ಅಲ್ಲವೇ ಅಲ್ಲ. ನೋಡಿ, ನಾನು ಬರೆದುಕೊಂಡೇ ಬಂದಿದೀನಿ" ಎಂದು ಫೋನ್ ತೆಗೆದು ಗಟ್ಟಿಯಾಗಿ ಓದಿದೆ. ಯಾವುದೇ ರಾಸಾಯನಿಕವಿಲ್ಲ.

ಅವರು ಹುಬ್ಬು ಗಂಟಿಕ್ಕಿದರು. "ಖಾರ ಹಾಕೀನಲ್ರೀ ಅಕ್ಕಾರ. ಇಲ್ಲಂತ ಹೆಂಗ ಬರೀತೀರಿ?"

"ಅದು ಜನಕ್ಕೆ ಅರ್ಥ ಆಗಲಿ ಅಂತ..."

"ಮಂದಿ ಬಿಡ್ರಿ. ನನಗ ಹೇಳ್ರಿ. ಒಂದ್ ಹಪ್ಪಳದಾಗ ಅದು ಎಷ್ಟ ಇರತೈತಿ? ಎಷ್ಟ ತಿಂದ್ರ ಕೆಡಕು?"

ಸ್ನೇಹಿತರೇ, ಈ ಇಡೀ ಪ್ರಕರಣದಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ರಾಕೆಟ್ ಹಾರಿಸುವವರು ಕೇಳಲಿಲ್ಲ, ಪಪ್ಪಡ ತಿಂದ ಡಾಕ್ಟರು ಕೇಳಲಿಲ್ಲ, ಸಂಘದ ಅಷ್ಟೂ ಪದವೀಧರರು ಕೇಳಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಲ್ಪಟ್ಟ ನೀಲಮ್ಮ ಕೇಳಿದರು. ನಾನು ಫೋನನ್ನು ಬೋರಲು ಹಾಕಿಟ್ಟೆ.

ಖಾರದ ಪೊಟ್ಟಣ ತರಿಸಿ ನೋಡಿದೆ. ಎಡಪ್ಪಳ್ಳಿಯ ದಿನಸಿ ಅಂಗಡಿಯದು, ತಿನ್ನುವುದಕ್ಕೆಂದೇ ಮಾರುವುದು, ಹಾಗೆಂದು ಮೇಲೆ ಅಚ್ಚಾಗಿತ್ತು. ಕಿಲೊ ಹಿಟ್ಟಿಗೆ ಎಷ್ಟು ಎಂದು ಕೇಳಿದೆ. ತಲೆ ಸವರಿದ ಎರಡು ಸಣ್ಣ ಚಮಚ ಎಂದರು. ಕಿಲೊ ಹಿಟ್ಟಿಗೆ ನೂರರ ಮೇಲೆ ಹಪ್ಪಳ. ಎರಡು ಚಮಚ ಖಾರವನ್ನು ತಟ್ಟೆಗೆ ಹಾಕಿ, ಚಾಕು ತುದಿಯಿಂದ ಭಾಗ ಮಾಡುತ್ತಾ ಹೋದೆವು, ಅರ್ಧ, ಅರ್ಧದ ಅರ್ಧ ಎಂದು. ಕೊನೆಗೆ ಒಂದು ಹಪ್ಪಳದ ಪಾಲು ಎಷ್ಟೋ ಅಷ್ಟನ್ನು ಅವರ ಅಂಗೈಗೆ ಹಾಕಿದೆ. ಉಗುರಿನ ತುದಿಗೆ ಹತ್ತುವಷ್ಟು ಪುಡಿ. ಅವರು ಬಿಸಿಲಿಗೆ ಹಿಡಿದು ನೋಡಿದರು. ನಾನು ಮುಂದಿನದನ್ನು ಹೇಳುವುದರೊಳಗೆ ನಾಲಿಗೆಗೆ ಹಾಕಿಕೊಂಡರು.

"ಚುರ್ ಅಂತೈತಿ" ಎಂದರು. ಉಪ್ಪಿನ ಡಬ್ಬಿಯ ಕಡೆ ನೋಡಿದರು. "ಉಪ್ಪ ಇದಕ್ಕಿಂತ ಎಷ್ಟೋ ಜಾಸ್ತಿ ಹಾಕ್ತೀನಲ್ರೀ. ಹಂಗಾರ ಹೆದರೂದಿದ್ರ ಉಪ್ಪಿಗೆ ಹೆದರಬೇಕಲ್ಲ."

"ಹೌದು. ಉಪ್ಪಿಗೆ, ಎಣ್ಣೆಗೆ. ನನ್ನಂಥ ಬಿಪಿ ಇರೋರು."

"ಹಂಗಾರ ಅಕ್ಕಾರ, ಇಲ್ಲಂತ ಬರೀಬ್ಯಾಡ್ರಿ. ಇಷ್ಟ ಐತಿ ಅಂತ ಬರೀರಿ."

ನಾನು ಬರೆದದ್ದನ್ನು ಅಳಿಸಿದೆ. ಅವರು ಹೇಳಿದ ಹಾಗೆ ಬರೆದೆವು: ಉದ್ದು ಇಷ್ಟು, ಮೆಣಸು ಇಷ್ಟು, ಇಂಗು, ಉಪ್ಪು ಇಷ್ಟು, ಹಪ್ಪಳಖಾರ ಇಷ್ಟು, ಒಂದು ಹಪ್ಪಳಕ್ಕೆ ಬರುವುದು ಇಷ್ಟು. ಭಾವನಿಗೆ ಕಳಿಸಿದರೆ, "ಇಷ್ಟೆಲ್ಲ ಯಾಕೆ ಬರೆದೆ? ಒಂದು ಸಾಲು ಸಾಕಿತ್ತಲ್ಲ, ಇದನ್ನ ನೋಡಿದ್ರೆ ಜನ ಇನ್ನೂ ಹೆದರ್ತಾರೆ" ಎಂದರು. ಅವರ ಮಾತು ನಿಜವೂ ಆಯಿತು. ನೀಲಮ್ಮ ಈಗ ಪ್ರತಿ ಕಟ್ಟಿನ ಮೇಲೂ ಆ ಚೀಟಿ ಅಂಟಿಸುತ್ತಾರೆ. ಅರ್ಧದಷ್ಟು ಜನ ಕೂಡ ವಾಪಸು ಬಂದಿಲ್ಲ. ಎಂಟು ಸೆಕೆಂಡಿನ ನಾನು ಯಾವ ಊರಿನ ಯಾವ ಫೋನಿನಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿದ್ದೇನೋ, ಅದನ್ನು ಹಿಡಿದು ತರುವ ಉಪಾಯ ನನಗೆ ಗೊತ್ತಿಲ್ಲ. ನನ್ನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಅಂಗಳದ ಸಂತೆಯಲ್ಲಿ ನೀಲಮ್ಮ ಮೇಜು ಹಾಕಿದ್ದರು. ನನಗೆ ಡ್ಯೂಟಿ ಇತ್ತು, ಸಂಜೆ ಬಂದು ಹೇಗಾಯಿತು ಎಂದು ಕೇಳಿದೆ.

"ನಾಲ್ಕ ಮಂದಿ ಚೀಟಿ ಓದಿ ಹೊಳ್ಳಿ ಇಟ್ರು ಅಕ್ಕಾರ. ಒಬ್ಬಾಕಿ ಮಾತ್ರ ಕೇಳಿದ್ಲು, ಈ ಖಾರ ಅಂದ್ರ ಏನು ಅಂತ. ಅರ್ಧ ತಾಸು ನಿಂತು ಹೇಳೀನಿ. ಅರಿಸಿನದ್ದು, ಸುಣ್ಣದ್ದು, ಅಂಗೈಯಾಗ ಹಾಕಿ ತೋರಿಸಿದ್ದು, ಎಲ್ಲಾ ಹೇಳೀನಿ."

"ತಗೊಂಡರಾ?"

"ಇಲ್ರಿ" ಎಂದರು ನೀಲಮ್ಮ, ಮೇಜಿನ ಬಟ್ಟೆ ಮಡಿಸುತ್ತಾ. "ಆದ್ರ ಪೂರಾ ಕೇಳಿ ಹ್ವಾದ್ಲು."